ಗೃಹಾರೋಗ್ಯ ವಿಚಾರ: ಚರ್ಮದಲ್ಲಿ ತೋರಿ ಮಿದುಳನ್ನು ಮುಟ್ಟುವ ರೋಗ

ನಮ್ಮ ವಾಚಕರಾದ ಗೃಹಿಣಿಯೊಬ್ಬರು ದೀರ್ಘವಾದ ಕಾಗದವೊಂದನ್ನು ಬರೆದಿದ್ದಾರೆ. ಅವರ ಭಾವನವರಿಗೆ ಎಂಟು ವರ್ಷಗಳಿಂದ ಇಸಬೆಂದು ಔಷಧೋಪಚಾರ ನಡೆದು, ಕಡೆಗೆ ಅದು ಇಸಬಲ್ಲ, ಚರ್ಮದ ಲಿಂಫೋಮಾ ಎಂಬ ಒಂದು ಬಗೆಯ ಅರ್ಬುದರೋಗವೆಂದು ನಿಶ್ಚಯವಾಯಿತಂತೆ. ಅದನ್ನು ಕೇಳಿದ ಬಂಧುಗಳೊಬ್ಬರು, ಈ ರೋಗವು ಕಾಲಕ್ರಮದಲ್ಲಿ ತಲೆಗೇರುವುದೆಂದು ಹೇಳಿಹೋದುದರಿಂದ ಮನೆಯವರೆಲ್ಲರೂ ನಿದ್ರೆಗೆಟ್ಟಿರುವರು. ಚರ್ಮದ ರೋಗವು ಮಿದುಳಿಗೆ ಹೋಗುವುದುಂಟೆ, ಹೋದರೆ ಮನೆಯವರಿಗೆ ತಿಳಿಯುವುದು ಹೇಗೆ, ಎಂಬ ಎರಡು ಪ್ರಶ್ನೆಗಳನ್ನು ಆ ತಾಯಿಯು ಕೇಳಿದ್ದಾರೆ. ಮೊದಲನೆಯದಕ್ಕೆ ಉತ್ತರವನ್ನು ಒಂದೇ ಮಾತಿನಲ್ಲಿ ಕೊಡಬಹುದು: ಉಂಟು, ಆದರೆ ಬಹಳ ಅಪರೂಪ. ಎರಡನೆಯದಕ್ಕೆ ಮಾತ್ರ ವಿವರವಾಗಿ ಹೇಳಬೇಕಾಗುತ್ತದೆ. ಏಕೆಂದರೆ ಆ ಬದಲಾವಣೆಯನ್ನು ಮೊಟ್ಟಮೊದಲು ಕಾಣತಕ್ಕವರು ವೈದ್ಯರಲ್ಲ, ಮನೆಯವರು. ಅವರು ಕಂಡುದನ್ನು ತಕ್ಕವರಿಗೆ ತಕ್ಕ ಕಾಲದಲ್ಲಿ ಹೇಳುವುದರ ಮೇಲೆಯೇ ಮುಂದಿನದೆಲ್ಲವೂ ನಿಂತಿರುತ್ತದೆ.

ನಮ್ಮ ಶರೀರದಲ್ಲಿ ರಕ್ತನಾಳಗಳಿರುವಂತೆಯೇ ಲಿಂಫ್ ಎಂಬ ತಿಳಿಯಾದ ರಸವನ್ನು ಸಾಗಿಸುವ ಸೂಕ್ಷ್ಮನಾಳಗಳೂ ಇವೆ. ಕಂಕುಳು, ಕತ್ತು, ತೊಡೆಯ ಸಂದುಗಳಲ್ಲಿ ಆ ನಾಳಗಳು ಕೂಡುವ ಕಡೆ ಗ್ರಂಥಿಗಳುಂಟು. ಈ ರಸದಲ್ಲಿಯೂ ರಕ್ತದಲ್ಲಿಯೂ ಸಂಚರಿಸುತ್ತ ಶರೀರವನ್ನು ಕಾಯುವ ಬಿಳಿಯ ಕಣಗಳಿಗೆ ಲಿಂಫೋಸೈಟುಗಳೆಂದು ಹೆಸರು. ಅವುಗಳಲ್ಲಿ ಒಂದು ಪಂಗಡವು ಎದೆಯ ಮೂಳೆಯ ಹಿಂದಿರುವ ಥೈಮಸ್ ಗ್ರಂಥಿಯಲ್ಲಿ ಪಕ್ವವಾಗುವುದರಿಂದ ಆ ಹೆಸರಿನ ಮೊದಲ ಅಕ್ಷರವನ್ನು ಹಿಡಿದು ಟಿ-ಕಣಗಳೆನಿಸಿಕೊಂಡಿದೆ. ಊರಿನ ಕಾವಲುಗಾರರಲ್ಲಿ ಇಂತಿಂಥವರಿಗೆ ಇಂತಿಂಥ ಬೀದಿಯೆಂದು ಗೊತ್ತು ಮಾಡಿರುವ ಹಾಗೆ, ಈ ಟಿ-ಕಣಗಳಲ್ಲಿ ಕೆಲವಕ್ಕೆ ಚರ್ಮವೇ ಗೊತ್ತಾದ ಬೀದಿ. ಇಂಥ ಕಣವೊಂದು ಕೆಟ್ಟು, ತನ್ನಂಥವನ್ನೇ ಮಿತಿಯಿಲ್ಲದೆ ಹುಟ್ಟಿಸತೊಡಗಿದರೆ ಅದು ಚರ್ಮದ ಲಿಂಫೋಮಾ ಆಗುತ್ತದೆ. ಆದುದರಿಂದ ಇದು ಚರ್ಮದಲ್ಲಿ ಕಾಣಿಸುವ ರೋಗವಾದರೂ ಮೂಲತಃ ಚರ್ಮಕ್ಕೆ ಸೇರಿದುದಲ್ಲ. ಕಾವಲಿನ ಕಣಗಳಿಗೆ ಸೇರಿದುದು. ಇದು ಅಂಟುರೋಗವಲ್ಲ. ರೋಗಿಯ ತಟ್ಟೆ, ಬಟ್ಟೆ, ಹಾಸಿಗೆಗಳಿಂದ ಮತ್ತೊಬ್ಬರಿಗೆ ಬರುವುದಿಲ್ಲ. ಈ ಮಾತನ್ನು ಮನೆಯ ಹಿರಿಯರ ಕಿವಿಗೆ ಬೀಳುವಂತೆ ಗಟ್ಟಿಯಾಗಿ ಓದಬೇಕೆಂದು ಕೋರುತ್ತೇವೆ. ಏಕೆಂದರೆ ಚರ್ಮದಲ್ಲಿ ಮಚ್ಚೆ ಬಂದವರನ್ನು ಪಂಕ್ತಿಯ ತುದಿಗೆ ಸರಿಸುವ ಅಭ್ಯಾಸವು ನಮ್ಮಲ್ಲಿ ಇನ್ನೂ ಹೋಗಿಲ್ಲ.

ಈ ರೋಗವನ್ನು ಮೊದಲು ವರ್ಣಿಸಿದವರು ಪ್ಯಾರಿಸ್ ನಗರದ ಸೇಂಟ್ ಲೂಯಿ ಆಸ್ಪತ್ರೆಯ ವೈದ್ಯರಾದ ಅಲಿಬೇರ್ ಎಂಬುವರು. 1806ರಲ್ಲಿ ಅವರು ನೋಡಿದ ರೋಗಿಯ ಮೈಮೇಲೆ ಅಣಬೆಗಳಂತೆ ಗಡ್ಡೆಗಳೆದ್ದಿದ್ದುವು. ಅದನ್ನು ಕಂಡು ಅವರು ಮುಂದೆ 1832ರಲ್ಲಿ ಇಟ್ಟ ಮೈಕೋಸಿಸ್ ಫಂಗಾಯ್ಡಿಸ್ ಎಂಬ ಹೆಸರು ಇಂದಿಗೂ ಉಳಿದಿದೆ. ಅಣಬೆಯ ಹೆಸರಿದ್ದರೂ ಇದರಲ್ಲಿ ಬೂಷ್ಟಿನ ಸಂಬಂಧ ಎಳ್ಳಷ್ಟೂ ಇಲ್ಲ. ಹೆಸರನ್ನು ಕೇಳಿ ಹುಳುಕಡ್ಡಿಯ ಮುಲಾಮನ್ನು ತಂದು ತಿಕ್ಕಿದವರಿದ್ದಾರೆ. ಹೆಸರಿಟ್ಟವರೇ ಅದಕ್ಕೆ ಹೊಣೆ ಎನ್ನಬೇಕು. 1870ರಲ್ಲಿ ಬಜ಼ಾಂ ಎಂಬ ಮತ್ತೊಬ್ಬ ಫ್ರೆಂಚ್ ವೈದ್ಯರು, ಈ ರೋಗವು ಮೊದಲು ಮಚ್ಚೆಗಳಾಗಿಯೂ, ಆಮೇಲೆ ದಪ್ಪವಾದ ಬಿಲ್ಲೆಗಳಾಗಿಯೂ, ಕಡೆಗೆ ಗಡ್ಡೆಗಳಾಗಿಯೂ ಮೂರು ಹಂತಗಳಲ್ಲಿ ಮುಂದುವರಿಯುವುದೆಂದು ತೋರಿಸಿಕೊಟ್ಟರು. ಮೈಯೆಲ್ಲ ಕೆಂಪೇರಿ, ಕೆಟ್ಟ ಕಣಗಳು ರಕ್ತದಲ್ಲಿಯೂ ತುಂಬಿಕೊಳ್ಳುವ ಇನ್ನೊಂದು ರೂಪವನ್ನು 1938ರಲ್ಲಿ ಸೆಜ಼ಾರಿ ಎಂಬುವರು ವರ್ಣಿಸಿದರು. ಇವೆರಡೂ ಟಿ-ಕಣಗಳಿಂದಲೇ ಉಂಟಾಗತಕ್ಕವೆಂದು ಗೊತ್ತಾಗಿ, ಒಂದೇ ಕುಟುಂಬದ ಹೆಸರಿನಿಂದ ಅವನ್ನು ಕರೆಯಲಾರಂಭಿಸಿದುದು 1975ರಿಂದ ಈಚೆಗೆ.

ಇನ್ನು ನೋಡುವುದಕ್ಕೆ ಹೇಗಿರುತ್ತದೆಂಬುದು. ಬಿಸಿಲು ಬೀಳದ, ಉಡುಗೆಯಿಂದ ಮುಚ್ಚಿದ ಭಾಗಗಳಾದ ಪೃಷ್ಠ, ತೊಡೆ, ಸೊಂಟದ ಪಕ್ಕ, ಸ್ತನ, ಇವುಗಳ ಮೇಲೆ ತೆಳುವಾದ ಸಿಪ್ಪೆಯೇಳುವ ಮಚ್ಚೆಗಳು ತೋರುತ್ತವೆ. ಕೆಲವರಿಗೆ ತುರಿಕೆಯುಂಟು, ಕೆಲವರಿಗಿಲ್ಲ. ಬಿಳಿಯ ಜನರ ಮೈಯಲ್ಲಿ ಅವು ಕೆಂಪಗೆ ಕಾಣುವುದು ಸಾಮಾನ್ಯ. ನಮ್ಮಂತಹ ಕಂದು ಬಣ್ಣದವರಲ್ಲಿ, ಅದರಲ್ಲಿಯೂ ಎಳೆಯ ವಯಸ್ಸಿನವರಲ್ಲಿ, ಬಣ್ಣವು ಮಾಸಿ ಬಿಳಿಚಿಕೊಂಡ ಮಚ್ಚೆಗಳ ರೂಪವು ಹೆಚ್ಚಾಗಿ ಕಂಡುಬರುತ್ತದೆ. ಆದುದರಿಂದ ನಮ್ಮ ದೇಶದಲ್ಲಿ ಇದನ್ನು ಚಿಬ್ಬೆಂದೋ, ತೊನ್ನೆಂದೋ, ಕುಷ್ಠವೆಂದೋ ಎಣಿಸುವುದು ಸುಲಭ. ಕುಷ್ಠದ ಮಚ್ಚೆಯಲ್ಲಿ ಬಹುಮಟ್ಟಿಗೆ ಸ್ಪರ್ಶಜ್ಞಾನವು ಕುಂದಿರುತ್ತದೆ; ಇದರಲ್ಲಿ ಸಾಧಾರಣವಾಗಿ ಹಾಗಿರುವುದಿಲ್ಲ. ಆದರೂ ಮನೆಯಲ್ಲಿ ಕುಳಿತು ಇದನ್ನು ತೀರ್ಮಾನಿಸತಕ್ಕದ್ದಲ್ಲ. ಚರ್ಮದ ಚೂರೊಂದನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಒಂದು ಸಲ ನೋಡಿ ತಿಳಿಯದೆ, ಎರಡು ಮೂರು ಸಲ, ಕೆಲವು ಕಾಲ ಬಿಟ್ಟು ಬಿಟ್ಟು ನೋಡಬೇಕಾಗಿ ಬರುವುದೂ ಉಂಟು. ಅಂಗಡಿಯಲ್ಲಿ ಕೇಳಿದೊಡನೆ ಕೊಡುವ ಸ್ಟೀರಾಯ್ಡ್ ಮುಲಾಮುಗಳನ್ನು ಹಚ್ಚುತ್ತಿದ್ದರೆ ಮಚ್ಚೆಯು ಅಡಗಿ, ಆ ಪರೀಕ್ಷೆಯೂ ದಾರಿ ತಪ್ಪುತ್ತದೆ. ಎಂಟು ವರ್ಷ ಇಸಬೆನಿಸಿಕೊಂಡುದರಲ್ಲಿ ಆಶ್ಚರ್ಯವೇನೂ ಇಲ್ಲ. ಮೊದಲ ಮಚ್ಚೆಗೂ ನಿಶ್ಚಯವಾದ ಹೆಸರಿಗೂ ನಡುವೆ ವರ್ಷಗಳು ಕಳೆಯುವುದು ಈ ರೋಗದ ಸ್ವಭಾವ.

ನಮಗೆ ಬರೆದ ತಾಯಿಯು ಸಮಾಧಾನವಾಗಿ ಓದತಕ್ಕ ಭಾಗವೆಂದರೆ ಇದು. ಒಟ್ಟು ಚರ್ಮದ ಲಿಂಫೋಮಾಗಳೆಲ್ಲ ಸೇರಿ ವರ್ಷಕ್ಕೆ ಲಕ್ಷ ಜನರಲ್ಲಿ ಹೆಚ್ಚುಕಡಮೆ ಒಬ್ಬರಿಗೆ ಹೊಸದಾಗಿ ಬರತಕ್ಕವು. ಅವುಗಳಲ್ಲಿ ಸುಮಾರು ಅರ್ಧದಷ್ಟು ನಾವು ಮೇಲೆ ವರ್ಣಿಸಿದ ಮೈಕೋಸಿಸ್ ಫಂಗಾಯ್ಡಿಸ್. ಬೆರಳುಗಳೂ ಸೇರಿದಂತೆ ರೋಗಿಯ ಒಂದು ಅಂಗೈಯನ್ನು ಶರೀರದ ಚರ್ಮದ ನೂರರಲ್ಲೊಂದು ಭಾಗವೆಂದು ವೈದ್ಯರು ಲೆಕ್ಕವಿಡುತ್ತಾರೆ. ಮಚ್ಚೆಗಳೆಲ್ಲವನ್ನೂ ಕೂಡಿಸಿದರೆ ಹತ್ತು ಅಂಗೈಗಳಷ್ಟಕ್ಕಿಂತ ಕಡಮೆಯಾಗಿದ್ದು, ಗಡ್ಡೆಗಳಾಗಲಿ ಗ್ರಂಥಿಗಳ ಊತವಾಗಲಿ ಇಲ್ಲದವರು ಬಹುಮಟ್ಟಿಗೆ ತಮ್ಮ ಓರಗೆಯವರಂತೆಯೇ ಪೂರ್ಣಾಯುಷ್ಯವನ್ನು ಬಾಳುತ್ತಾರೆ. ಅವರಿಗೆ ಚಿಕಿತ್ಸೆಯೂ ಮೃದುವಾದುದೇ: ಮುಲಾಮುಗಳು, ಔಷಧ ಕೊಟ್ಟು ಅಥವಾ ಕೊಡದೆ ನೇರಿಳಾತೀತ ಕಿರಣಗಳಲ್ಲಿ ನಿಲ್ಲಿಸುವುದು, ಇಂಥವು. ಈ ಮುಲಾಮುಗಳಲ್ಲೊಂದು, ಯುದ್ಧದ ವಿಷವಾಯುವಿಗೆ ಹತ್ತಿರದ ನೈಟ್ರೊಜನ್ ಮಸ್ಟರ್ಡ್ ಎಂಬುದರಿಂದ ಆದುದು. ಕೊಲ್ಲಲು ಹುಟ್ಟಿದ ವಂಶದ ವಸ್ತುವು ಚರ್ಮವನ್ನು ಕಾಯುವುದಕ್ಕೆ ನಿಂತಿತೆಂಬುದು ವಿಚಿತ್ರವಾದರೂ ನಿಜ. ಭಾವನವರ ಮೈಮೇಲೆ ನಾಲ್ಕೈದು ಅಂಗೈಯಷ್ಟು ಮಚ್ಚೆಗಳಿವೆಯೆಂದು ಕಾಗದದಲ್ಲಿದೆ. ಹಾಗಿದ್ದರೆ, ಬಂಧುಗಳ ಮಾತನ್ನು ಕೇಳಿ ಪ್ರತಿಯೊಂದು ತಲೆನೋವಿಗೂ ಬೆದರಬೇಕಾದ ಕಾರಣವಿಲ್ಲ. ಮುಂದೆ ನಾವು ಹೇಳುವುದೆಲ್ಲವೂ ಈ ಹಂತವನ್ನು ದಾಟಿದವರ ವಿಷಯ.

ದಾಟಿದರೆಂದು ತಿಳಿಯುವುದು ಹೇಗೆಂದರೆ, ಮಚ್ಚೆಗಳ ನಡುವೆ ಬೆರಳ ಗೆಣ್ಣಿನಷ್ಟೋ ಅದಕ್ಕೂ ದೊಡ್ಡದಾಗಿಯೋ ಗಡ್ಡೆಗಳೇಳುವುದು, ಅವು ಒಡೆದು ಹುಣ್ಣಾಗುವುದು, ಅಥವಾ ಮೈಯೆಲ್ಲವೂ ಕೆಂಪಗಾಗಿ ಸುಲಿಯುವುದು, ಕತ್ತು ಕಂಕುಳುಗಳಲ್ಲಿ ಗಂಟು ಕಟ್ಟುವುದು, ಇವು ಹೊರಗೆ ಕಾಣುವ ಗುರುತುಗಳು. ಸೂಕ್ಷ್ಮದರ್ಶಕದಲ್ಲಿ ಕಾಣುವ ಗುರುತು ಮತ್ತೊಂದುಂಟು. ಸಣ್ಣಸಣ್ಣ ಕಣಗಳಿದ್ದ ಕಡೆ ದೊಡ್ಡ ಕಣಗಳು ತಲೆದೋರಿದರೆ ರೋಗವು ರೂಪಾಂತರ ಹೊಂದಿತೆಂದು ವೈದ್ಯರು ಹೇಳುತ್ತಾರೆ. ಅದು ಎಚ್ಚರಿಕೆಯ ಸಂಗತಿ. ಮೊದಲು ಚರ್ಮದ ಮೇಲ್ಪದರವನ್ನೇ ಕಚ್ಚಿಕೊಂಡಿದ್ದ ಕಣಗಳು ಈಗ ಆ ಹಂಗನ್ನು ಹರಿದುಕೊಂಡು ಆಳಕ್ಕೆ ಇಳಿಯುತ್ತವೆ. ತನ್ನ ಬೀದಿಯನ್ನು ಮರೆತ ಕಾವಲುಗಾರನ ಹಾಗೆ ಬೇರೆ ಅಂಗಗಳಿಗೂ ಹೊರಡುತ್ತವೆ. ಮಚ್ಚೆಯ ಹಂತವೇ ಇಲ್ಲದೆ ಆರಂಭದಿಂದಲೇ ಉಗ್ರವಾದ ಬಗೆಗಳೂ ಇವೆ. ಅವುಗಳಲ್ಲಿ 1999ರಲ್ಲಿ ಇಟಲಿಯ ಬೆರ್ಟಿ ಮತ್ತು ಅವರ ಸಂಗಡಿಗರು ವಿಂಗಡಿಸಿ ತೋರಿಸಿದ ಒಂದು ಬಗೆಯು, ನಡುವಿನ ಗ್ರಂಥಿಗಳನ್ನು ಬಿಟ್ಟು ನೇರವಾಗಿ ಶ್ವಾಸಕೋಶ, ವೃಷಣ, ಮಿದುಳುಗಳನ್ನು ಹಿಡಿಯುವ ಸ್ವಭಾವವುಳ್ಳದು. ವಯಸ್ಸಾದವರ, ವಿಶೇಷವಾಗಿ ಹೆಂಗಸರ, ಮೊಣಕಾಲಿನ ಕೆಳಗೆ ನೀಲಿಗೆಂಪು ಗಡ್ಡೆಯಾಗಿ ಬೇಗಬೇಗನೆ ಬೆಳೆಯುವ ಇನ್ನೊಂದು ಲಿಂಫೋಮಾ ಉಂಟು. ಅದು ಬಿ-ಕಣಗಳೆಂಬ ಬೇರೆ ಪಂಗಡಕ್ಕೆ ಸೇರಿದುದು, ಮಿದುಳಿನ ಕಡೆಗೆ ಹೋಗುವುದರಲ್ಲಿ ಅದಕ್ಕೂ ಹೆಸರಿದೆ.

ಮಿದುಳಿಗೆ ಹೋಗುವುದು ಸುಲಭವಾದ ಕೆಲಸವಲ್ಲ. 1885ರಲ್ಲಿ ಜರ್ಮನಿಯ ಪಾಲ್ ಏರ್ಲಿಕ್ ಎಂಬ ವಿಜ್ಞಾನಿಯು ಪ್ರಾಣಿಗಳ ರಕ್ತಕ್ಕೆ ಬಣ್ಣಗಳನ್ನು ಸೇರಿಸಿ ನೋಡಿದಾಗ, ಕೆಲವು ಬಣ್ಣಗಳಿಂದ ಎಲ್ಲ ಅಂಗಗಳೂ ಬಣ್ಣವೇರಿದುವು, ಮಿದುಳು ಮಾತ್ರ ಬೆಳ್ಳಗೆ ಉಳಿಯಿತು. ಅವರ ಶಿಷ್ಯರಾದ ಗೋಲ್ಡ್‌ಮನ್ ಎಂಬುವರು 1913ರಲ್ಲಿ ಅದನ್ನೇ ತಿರುಗಿಸಿ, ಮಿದುಳನ್ನು ಸುತ್ತಿರುವ ದ್ರವಕ್ಕೆ ಬಣ್ಣವನ್ನು ಸೇರಿಸಿದರು. ಆಗ ಮಿದುಳು ಬಣ್ಣವೇರಿತು, ಉಳಿದ ಶರೀರಕ್ಕೆ ಬಣ್ಣವು ತಟ್ಟಲಿಲ್ಲ. ರಕ್ತಕ್ಕೂ ಮಿದುಳಿಗೂ ನಡುವೆ ಒಂದು ಕೋಟೆಯಿದೆಯೆಂಬುದು ಹೀಗೆ ಬೆಳಕಿಗೆ ಬಂದಿತು. ಆದರೆ ಕೋಟೆಯೊಳಕ್ಕೂ ಕಾವಲುಗಾರರು ಹೋಗಿಬರಬೇಕಷ್ಟೆ. ಮಿದುಳಿನ ಸುತ್ತಲಿನ ದ್ರವದಲ್ಲಿ ಆರೋಗ್ಯವಂತರಲ್ಲಿಯೂ ಬೆರಳೆಣಿಕೆಯ ಕಣಗಳಿರುತ್ತವೆ. ಅವು ಮುಖ್ಯವಾಗಿ ಟಿ-ಕಣಗಳೇ. ಬಾಗಿಲನ್ನು ಬಲ್ಲ ಪಂಗಡದಲ್ಲಿಯೇ ಕೇಡಿಯು ಹುಟ್ಟಿದುದರಿಂದ, ಅಪರೂಪಕ್ಕೆ ಅವನಿಗೂ ಬಾಗಿಲು ತೆರೆಯುತ್ತದೆ. ಕೆಲವರಲ್ಲಿ ಕಣಗಳು ಮಿದುಳಿನ ಪೊರೆಗಳ ಮೇಲೆ ಹರಡುತ್ತವೆ; ಕೆಲವರಲ್ಲಿ ಮಿದುಳಿನ ಒಳಗೇ ಗಂಟುಗಳಾಗುತ್ತವೆ; ಎರಡೂ ಸೇರಿ ಕಂಡವರಿದ್ದಾರೆ. ಬದುಕಿರುವಾಗ ಗುರುತಿಸಿದುದಕ್ಕಿಂತ ಮರಣಾನಂತರದ ಪರೀಕ್ಷೆಯಲ್ಲಿ ಇದು ಹೆಚ್ಚಾಗಿ ಕಂಡುದರಿಂದ, ಕಾಣದೆ ಹೋದ ಸಂದರ್ಭಗಳೂ ಉಂಟೆಂದು ಹೇಳಲೇಬೇಕು.

ಇಲ್ಲಿ ಮನೆಯವರು ಮೋಸಹೋಗುವ ಒಂದು ಸಂಗತಿಯಿದೆ. ಚರ್ಮವು ವಾಸಿಯಾಗುತ್ತ ಬಂದರೆ ರೋಗವೇ ವಾಸಿಯಾಗುತ್ತಿದೆಯೆಂದು ಎಲ್ಲರೂ ಭಾವಿಸುವುದು ಸಹಜ. ಆದರೆ ರಕ್ತದ ಮೂಲಕ ಕೊಡುವ ಎಷ್ಟೋ ಔಷಧಗಳನ್ನು, ವಿಶೇಷವಾಗಿ ದೊಡ್ಡ ಅಣುಗಳ ಹೊಸ ಔಷಧಗಳನ್ನು, ಮೇಲೆ ಹೇಳಿದ ಕೋಟೆಯು ಬಣ್ಣವನ್ನು ತಡೆದ ಹಾಗೆಯೇ ತಡೆಯುತ್ತದೆ. ಹೊರಗೆ ಗಡ್ಡೆಗಳು ಕರಗುತ್ತಿರುವಾಗಲೇ ಒಳಗೆ ಮಿದುಳಿನಲ್ಲಿ ರೋಗವು ಕಾಣಿಸಿಕೊಂಡ ಉದಾಹರಣೆಗಳು ವೈದ್ಯಗ್ರಂಥಗಳಲ್ಲಿವೆ. ಚರ್ಮರೋಗವು ನಿಶ್ಚಯವಾದ ಹಲವು ವರ್ಷಗಳ ಮೇಲೆ ಹೀಗಾಗುವುದೂ ಉಂಟು. ಅಷ್ಟರೊಳಗೆ ಮನೆಯವರು ಮಚ್ಚೆಗಳಿಗೆ ಒಗ್ಗಿಹೋಗಿರುತ್ತಾರೆ.

ಹಾಗಾದರೆ ನೋಡತಕ್ಕದ್ದೇನು? ಈ ರೋಗದಲ್ಲಿ ಮಿದುಳಿನ ಲಕ್ಷಣಗಳು ಯಾವಾಗಲೂ ಗುಡುಗು ಸಿಡಿಲುಗಳಂತೆ ಬರುವುದಿಲ್ಲ. ಮನೆಯ ಯಜಮಾನರು ರಾತ್ರಿ ಊಟವಾದ ಮೇಲೆ ದಿನದ ಖರ್ಚನ್ನು ಬರೆದಿಡುವ ಅಭ್ಯಾಸವುಳ್ಳವರೆಂದು ಭಾವಿಸೋಣ. ಒಂದು ವಾರದಿಂದ ಅವರ ಕೂಡಿಕೆ ತಪ್ಪುತ್ತಿದೆ. ಹಾಲಿನವನಿಗೆ ಬೆಳಗ್ಗೆ ಕೊಟ್ಟ ಹಣವನ್ನೇ ಸಂಜೆ ಮತ್ತೆ ಕೊಡಹೋಗುತ್ತಾರೆ. ನಲವತ್ತು ವರ್ಷ ಮಾಡಿಕೊಂಡು ಬಂದ ಪೂಜೆಯಲ್ಲಿ ಮಂಗಳಾರತಿಯಾದ ಮೇಲೆ ಮತ್ತೆ ಅಭಿಷೇಕಕ್ಕೆ ನೀರು ಕೇಳುತ್ತಾರೆ. ಮಾತಿನವರು ಮೌನವಾಗುತ್ತಾರೆ, ಸೌಮ್ಯರು ಸಣ್ಣ ಮಾತಿಗೂ ಸಿಡಿಯುತ್ತಾರೆ. ಹಗಲೆಲ್ಲ ಮಂಪರು. ಮನೆಯವರು ಇದಕ್ಕೆ ಕೊಡುವ ಹೆಸರು ವಯಸ್ಸಾಯಿತು ಎಂಬುದು, ಅಥವಾ ಕಾಯಿಲೆಯಿಂದ ಮನಸ್ಸು ನೊಂದಿದೆ ಎಂಬುದು. ಗಾಳಿ ಸೋಕಿತೆಂದು ಮಂತ್ರಿಸಿದ ನೀರನ್ನು ತರುವವರೂ ಇಲ್ಲದಿಲ್ಲ. ಆ ನೀರಿನಿಂದ ಕೇಡಿಲ್ಲ, ಅದಕ್ಕಾಗಿ ಕಳೆದ ಹದಿನೈದು ದಿನಗಳಿಂದ ಕೇಡುಂಟು.

ಮತ್ತೆ ಕೆಲವರಲ್ಲಿ ಬುದ್ಧಿಯು ಸ್ವಚ್ಛವಾಗಿಯೇ ಇದ್ದು ಶರೀರದ ಯಾವುದೋ ಒಂದು ಕೀಲು ಸಡಿಲವಾದಂತೆ ತೋರುತ್ತದೆ. ಕಾಫಿ ಕುಡಿಯುವಾಗ ತುಟಿಯ ಒಂದು ಕೊನೆಯಿಂದ ಸೋರುತ್ತದೆ. ನಕ್ಕರೆ ಮುಖವು ಒಂದು ಕಡೆಗೆ ಎಳೆಯುತ್ತದೆ. ಪತ್ರಿಕೆಯನ್ನು ಓದುವಾಗ ಒಂದು ಕಣ್ಣನ್ನು ಮುಚ್ಚಿಕೊಳ್ಳುತ್ತಾರೆ, ಕೇಳಿದರೆ ಸಾಲುಗಳು ಎರಡೆರಡಾಗಿ ಕಾಣುತ್ತವೆ ಎನ್ನುತ್ತಾರೆ. ಒಂದು ಕಿವಿ ಮಂದವಾಗುತ್ತದೆ. ಒಂದು ಕಾಲಿನ ಚಪ್ಪಲಿ ಕಳಚಿಹೋದುದು ತಿಳಿಯದೆ ಹಾಗೆಯೇ ಮುಂದೆ ನಡೆಯುತ್ತಾರೆ. ಗೋಡೆ ಹಿಡಿದು ನಡೆಯುವುದು, ರುಜು ಹಾಕುವಾಗ ಅಕ್ಷರಗಳು ಕುಗ್ಗುವುದು, ಹೆಸರುಗಳು ನಾಲಗೆಯ ತುದಿಯಲ್ಲಿ ನಿಂತುಬಿಡುವುದು, ಮೂತ್ರವು ಕಟ್ಟುವುದು ಅಥವಾ ತಿಳಿಯದೆ ಹೋಗುವುದು, ಇವೆಲ್ಲವೂ ಗಮನಿಸತಕ್ಕವೇ. ಬೆಳಗಿನ ಜಾವದ ತಲೆನೋವು ವಾಂತಿಯೊಡನೆ ಬಂದರೆ, ಕತ್ತನ್ನು ಬಗ್ಗಿಸುವುದು ಕಷ್ಟವಾದರೆ, ಫಿಟ್ಸ್ ಬಂದರೆ, ಒಂದು ಪಕ್ಕದ ಕೈಕಾಲು ಬಿದ್ದುಹೋದರೆ ಆ ದಿನವೇ, ಆ ಗಳಿಗೆಯೇ, ಆಸ್ಪತ್ರೆಗೆ ಹೊರಡಬೇಕೆಂದು ಹೇಳುವ ಅಗತ್ಯವಿಲ್ಲ. ನಾವು ಒತ್ತಿ ಹೇಳುವುದು ಮೊದಲಿನ ಸಣ್ಣ ಗುರುತುಗಳ ವಿಷಯವನ್ನು. ಏಕೆಂದರೆ ಅವನ್ನು ರೋಗಿಯು ತಾನಾಗಿ ಹೇಳಲಾರನು, ಹತ್ತು ನಿಮಿಷ ನೋಡುವ ವೈದ್ಯರು ಕಾಣಲಾರರು.

ಕಂಡ ಮೇಲೆ ನಡೆಯುವುದೇನೆಂದರೆ, ಎರಡಾಗಿ ಕಾಣುವವರನ್ನು ಕಣ್ಣಿನ ವೈದ್ಯರಲ್ಲಿಗೂ, ಕಿವಿ ಮಂದವಾದವರನ್ನು ಕಿವಿಯ ವೈದ್ಯರಲ್ಲಿಗೂ, ಕಾಲೆಳೆಯುವವರನ್ನು ಮೂಳೆಯ ವೈದ್ಯರಲ್ಲಿಗೂ ಕರೆದುಕೊಂಡು ಹೋಗುತ್ತಾರೆ. ಅಲ್ಲಿ ಕೇಳುವುದು ಸಕ್ಕರೆಕಾಯಿಲೆಯುಂಟೆ, ರಕ್ತದ ಒತ್ತಡವುಂಟೆ ಎಂಬುದನ್ನು. ಚರ್ಮರೋಗವುಂಟೆ ಎಂದು ಯಾರೂ ಕೇಳುವುದಿಲ್ಲ. ಮಚ್ಚೆಗಳೋ ಪಂಚೆ ಸೀರೆಗಳ ಒಳಗೆ ಇರತಕ್ಕವು. ರೋಗಿಯೂ ನಾಚಿಕೆಯಿಂದಲೋ, ಇದಕ್ಕೂ ಅದಕ್ಕೂ ಏನು ಸಂಬಂಧವೆಂದೋ ಹೇಳುವುದಿಲ್ಲ. ಹೀಗೆ ಅರ್ಧ ರೋಗವು ಒಬ್ಬರ ಕೊಠಡಿಯಲ್ಲಿಯೂ ಉಳಿದರ್ಧವು ಮತ್ತೊಬ್ಬರ ಕೊಠಡಿಯಲ್ಲಿಯೂ ಉಳಿದು, ಎರಡನ್ನೂ ಬಲ್ಲವರೆಂದರೆ ಮನೆಯವರು ಮಾತ್ರ ಆಗುತ್ತಾರೆ. ಆದಕಾರಣ ಯಾವ ವೈದ್ಯರಲ್ಲಿಗೆ ಹೋದರೂ, ಕೇಳದಿದ್ದರೂ ಸಹ, ಮೊದಲ ಮಾತಿಗೇ, ಇವರಿಗೆ ಚರ್ಮದ ಲಿಂಫೋಮಾ ಇದೆ, ಇಂಥ ವರ್ಷ ಇಂಥ ಕಡೆ ಬಯಾಪ್ಸಿ ಆಗಿದೆ, ಎಂದು ಹೇಳತಕ್ಕದ್ದು. ಚರ್ಮದ ವೈದ್ಯರಿಗೂ ತಲೆಯ ಸಮಾಚಾರವನ್ನು ಅಂದೇ ತಿಳಿಸತಕ್ಕದ್ದು.

ಇಷ್ಟನ್ನು ಓದಿ, ಇಂತಹ ಗುರುತು ಕಂಡೊಡನೆ ರೋಗವು ಮಿದುಳಿಗೇ ಹೋಯಿತೆಂದು ತೀರ್ಮಾನಿಸಬಾರದು. ಈ ರೋಗಿಗಳಲ್ಲಿ ಕಾವಲೇ ಕೆಟ್ಟಿರುವುದರಿಂದಲೂ, ಕೊಡುವ ಔಷಧಗಳು ಉಳಿದ ಕಾವಲನ್ನು ಕುಗ್ಗಿಸುವುದರಿಂದಲೂ ಕ್ಷಯದ ಕ್ರಿಮಿ, ಬೂಷ್ಟು, ಸರ್ಪಸುತ್ತಿನ ಜಾತಿಯ ವಿಷಾಣು ಮೊದಲಾದುವು ಮಿದುಳಿನ ಪೊರೆಗಳನ್ನು ಹಿಡಿಯಬಹುದು. ರಕ್ತದಲ್ಲಿ ಉಪ್ಪಿನಂಶವು ಇಳಿದರೂ ಬುದ್ಧಿಯು ಮಂಕಾಗುತ್ತದೆ. ಚರ್ಮದ ಲಿಂಫೋಮಾಕ್ಕೆ ಕೊಡುವ ಬೆಕ್ಸರೊಟೀನ್ ಎಂಬ ಗುಳಿಗೆಯು ಥೈರಾಯ್ಡ್ ರಸವನ್ನು ತಗ್ಗಿಸಿ ಮನುಷ್ಯನನ್ನು ಜಡನನ್ನಾಗಿ ಮಾಡುವುದುಂಟು. ಅದಕ್ಕೆ ಬೇರೊಂದು ಸಣ್ಣ ಗುಳಿಗೆ ಸಾಕು. ಇವುಗಳಲ್ಲಿ ಹಲವು ಸಂಪೂರ್ಣವಾಗಿ ವಾಸಿಯಾಗತಕ್ಕವು. ಬೇಗನೆ ಹೋಗಬೇಕೆನ್ನುವುದಕ್ಕೆ ಇದೂ ಒಂದು ಕಾರಣ.

ಪರೀಕ್ಷೆಗಳಲ್ಲಿ ಮೊದಲನೆಯದು ಎಂ.ಆರ್.ಐ. ಎಂಬ, ಕಾಂತಶಕ್ತಿಯಿಂದ ತೆಗೆಯುವ ಚಿತ್ರ. ರಕ್ತನಾಳಕ್ಕೆ ಒಂದು ಔಷಧವನ್ನು ಕೊಟ್ಟು ತೆಗೆದರೆ ಪೊರೆಗಳ ಮೇಲಿನ ರೋಗವು ಹೆಚ್ಚು ಸ್ಪಷ್ಟವಾಗುತ್ತದೆ. ಎರಡನೆಯದು ಬೆನ್ನಿನಿಂದ ನೀರು ತೆಗೆಯುವುದು. ನಮ್ಮ ಜನಗಳಿಗೆ ಇದರ ಹೆಸರು ಕೇಳಿದರೆ ಭಯ. ಬೆನ್ನಿನ ನೀರು ತೆಗೆದರೆ ಕಾಲು ಹೋಗುತ್ತದೆಂದು ಹೇಳಿ, ಕಾಗದಕ್ಕೆ ರುಜು ಹಾಕದೆ ರೋಗಿಯನ್ನು ಮನೆಗೆ ಕರೆದೊಯ್ಯುವವರುಂಟು. ಆದುದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇವೆ. ಜರ್ಮನಿಯ ಕೀಲ್ ನಗರದ ಕ್ವಿಂಕೆ ಎಂಬ ವೈದ್ಯರು 1891ರಲ್ಲಿ ಪ್ರಚಾರಕ್ಕೆ ತಂದ ಕ್ರಮವಿದು. ದೊಡ್ಡವರಲ್ಲಿ ಬೆನ್ನುಹುರಿಯು ಸೊಂಟದ ಮೇಲ್ಭಾಗದಲ್ಲಿಯೇ ಮುಗಿದುಹೋಗುತ್ತದೆ. ಸೂಜಿಯನ್ನು ಚುಚ್ಚುವುದು ಅದಕ್ಕಿಂತ ಕೆಳಗೆ, ಬರಿಯ ನರಗಳ ಎಳೆಗಳು ನೀರಿನಲ್ಲಿ ತೇಲುತ್ತಿರುವ ಕಡೆ. ದೊಡ್ಡವರಲ್ಲಿ ಆ ನೀರು ಒಟ್ಟು ಸುಮಾರು 150 ಮಿಲಿಲೀಟರಿನಷ್ಟಿದ್ದು, ದಿನಕ್ಕೆ ಸುಮಾರು 500 ಮಿಲಿಲೀಟರಿನಷ್ಟು ಹೊಸದಾಗಿ ಊರುತ್ತದೆ. ತೆಗೆಯುವುದು ಹತ್ತು ಮಿಲಿಲೀಟರು, ಎಂದರೆ ಎರಡು ಸಣ್ಣ ಚಮಚೆಯಷ್ಟು. ಕೆಲವು ಗಂಟೆಗಳಲ್ಲಿ ಅದು ತುಂಬಿಕೊಳ್ಳುತ್ತದೆ. ಒಂದೆರಡು ದಿನ ತಲೆನೋವು ಬರಬಹುದು. ಮಿದುಳಿನಲ್ಲಿ ಒತ್ತಡವು ಹೆಚ್ಚಿರುವಾಗ ಇದರಿಂದ ಅಪಾಯವಿರುವುದರಿಂದ ಮೊದಲು ಚಿತ್ರವನ್ನು ತೆಗೆದು ನೋಡುತ್ತಾರೆ.

ಆ ನೀರಿನಲ್ಲಿ ಕೆಟ್ಟ ಕಣಗಳುಂಟೆ, ಅವು ಚರ್ಮದಲ್ಲಿದ್ದ ಸಂತತಿಗೇ ಸೇರಿದುವೆ ಎಂಬುದನ್ನು ಈಗಿನ ಪರೀಕ್ಷೆಗಳಿಂದ ಕಂಡುಹಿಡಿಯಬಹುದು. ಮೊದಲ ಸಲ ಕಾಣದೆ ಎರಡನೆಯ ಸಲ ಕಂಡ ಉದಾಹರಣೆಗಳು ಬೇಕಾದಷ್ಟಿವೆ. ಮತ್ತೊಮ್ಮೆ ಚುಚ್ಚಬೇಕೆಂದರೆ ವೈದ್ಯರಿಗೆ ತಿಳಿಯಲಿಲ್ಲವೆಂದು ಕೋಪಿಸಬೇಕಾದುದಿಲ್ಲ. ಇನ್ನೊಂದು ಸಂಗತಿ: ತುರ್ತಿನ ಕಾರಣವಿಲ್ಲದಿದ್ದರೆ ಪರೀಕ್ಷೆಗೆ ಮೊದಲು ಸ್ಟೀರಾಯ್ಡ್ ಚುಚ್ಚುಮದ್ದನ್ನು ಕೊಡದಿರುವುದು ಒಳ್ಳೆಯದು. ಅದು ಲಿಂಫೋಮಾ ಕಣಗಳನ್ನು ಕೆಲವು ದಿನ ಕರಗಿಸಿ, ರೋಗಿಯು ಗುಣಮುಖನಾದನೆಂಬ ಭ್ರಾಂತಿಯನ್ನು ಹುಟ್ಟಿಸಿ, ಪರೀಕ್ಷೆಯನ್ನು ವ್ಯರ್ಥಮಾಡುತ್ತದೆ. ಊರಿನ ವೈದ್ಯರೊಬ್ಬರು ತಲೆನೋವಿಗೆಂದು ಅದನ್ನು ಕೊಟ್ಟಿದ್ದರೆ, ದೊಡ್ಡಾಸ್ಪತ್ರೆಯಲ್ಲಿ ಆ ಚೀಟಿಯನ್ನು ಮರೆಮಾಡದೆ ತೋರಿಸಬೇಕು.

ಚಿಕಿತ್ಸೆಯಲ್ಲಿ ಮುಖ್ಯವಾದುದು ಮೆಥೊಟ್ರೆಕ್ಸೇಟ್ ಎಂಬ ಔಷಧ. ಬಹು ಹೆಚ್ಚಿನ ಪ್ರಮಾಣದಲ್ಲಿ ರಕ್ತನಾಳಕ್ಕೆ ಕೊಟ್ಟರೆ ಇದು ಕೋಟೆಯನ್ನು ದಾಟುತ್ತದೆ. ಬೆನ್ನಿನ ನೀರಿಗೇ ನೇರವಾಗಿ ಕೊಡುವ ಕ್ರಮವೂ ಉಂಟು. ಈ ಜಾತಿಯ ಔಷಧಗಳ ಹುಟ್ಟಿನಲ್ಲಿ ಭಾರತೀಯರೊಬ್ಬರ ಕೈಯಿದೆಯೆಂಬುದನ್ನು ನಮ್ಮ ವಾಚಕರು ಸಂತೋಷದಿಂದ ತಿಳಿಯಬಹುದು. ಆಂಧ್ರದ ಭೀಮಾವರದಲ್ಲಿ 1895ರಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲಸಿದ ಎಲ್ಲಾಪ್ರಗಡ ಸುಬ್ಬರಾವ್ ಅವರ ಸಂಶೋಧನಾಲಯದಲ್ಲಿ ಇದರ ಅಣ್ಣನಾದ ಅಮಿನೊಪ್ಟೆರಿನ್ ತಯಾರಾಯಿತು. ಅದರಿಂದ ಬಾಸ್ಟನ್ನಿನ ಸಿಡ್ನಿ ಫಾರ್ಬರ್ ಅವರು ರಕ್ತದ ಅರ್ಬುದವಿದ್ದ ಮಕ್ಕಳಲ್ಲಿ ರೋಗವು ಕೆಲವು ಕಾಲ ಹಿಮ್ಮೆಟ್ಟುವುದನ್ನು 1948ರಲ್ಲಿ ಪ್ರಕಟಿಸಿದರು. ಆ ವರ್ಷವೇ ಸುಬ್ಬರಾಯರು ತೀರಿಕೊಂಡರು. ಮೆಥೊಟ್ರೆಕ್ಸೇಟನ್ನು ಹೆಚ್ಚಾಗಿ ಕೊಟ್ಟಾಗ ಶರೀರವನ್ನು ಕಾಯಲು ಫೋಲಿನಿಕ್ ಆಮ್ಲವನ್ನು ಹೊತ್ತು ತಪ್ಪದೆ ಕೊಡಬೇಕು. ಆ ದಿನಗಳಲ್ಲಿ ಅಂಗಡಿಯ ನೋವಿನ ಗುಳಿಗೆಗಳನ್ನಾಗಲಿ, ಬೇರೆಯವರು ಹೇಳಿದ ಜ್ವರದ ಔಷಧಗಳನ್ನಾಗಲಿ ಕೇಳದೆ ಕೊಡಬಾರದು. ಮೂತ್ರಪಿಂಡವು ಕೆಟ್ಟು ಪ್ರಾಣಕ್ಕೆ ಬಂದೀತು. ಮಿದುಳಿಗೆ ಕಿರಣಚಿಕಿತ್ಸೆಯನ್ನು ಕೊಡುವುದೂ ಉಂಟು. ಅದರಿಂದ ಲಕ್ಷಣಗಳು ಬೇಗನೆ ತಗ್ಗಬಹುದು.

ಫಲವೇನೆಂಬುದನ್ನು ಬಚ್ಚಿಡುವುದು ಸರಿಯಲ್ಲ. ಹೀಗೆ ಮಿದುಳನ್ನು ಮುಟ್ಟಿದ ಮೇಲೆ ಬಹುಮಂದಿಗೆ ಉಳಿಯುವುದು ಕೆಲವು ತಿಂಗಳುಗಳು. ತೀವ್ರವಾದ ಚಿಕಿತ್ಸೆಯಿಂದ ಒಂದು ವರ್ಷಕ್ಕೂ ಮೀರಿ ಬದುಕಿದವರಿದ್ದಾರೆ, ಅವರು ವಿರಳ. ಹೀಗಿರಲು, ಬೇಗನೆ ಗುರುತಿಸಿ ಆಗುವ ಪ್ರಯೋಜನವೇನೆಂದು ಕೇಳಬಹುದು. ಕೇಳತಕ್ಕ ಪ್ರಶ್ನೆಯೇ ಸರಿ. ಮಾತು ನಿಲ್ಲುವ ಮೊದಲು ಚಿಕಿತ್ಸೆ ಸಿಕ್ಕಿದವನಿಗೆ ಮಾತು ಉಳಿಯಬಹುದು. ಕಾಲು ಹೋದ ಮೇಲೆ ಬಂದವನಿಗೆ ಕಾಲು ಮರಳುವುದು ಕಷ್ಟ. ಚಿಕಿತ್ಸೆಯನ್ನು ಎಷ್ಟು ದೂರ ನಡೆಸಬೇಕು, ಎಲ್ಲಿ ನಿಲ್ಲಿಸಬೇಕು, ಮನೆಯ ಪತ್ರಗಳಿಗೆ ರುಜು ಹಾಕುವುದು, ದೂರದಲ್ಲಿರುವ ಮಗಳನ್ನು ಕರೆಸುವುದು, ಇವೆಲ್ಲವನ್ನೂ ಬುದ್ಧಿಯು ತಿಳಿಯಾಗಿರುವಾಗ ರೋಗಿಯೇ ನಿರ್ಧರಿಸಬಹುದು. ಅವನಿಗೆ ಏನನ್ನೂ ತಿಳಿಸದೆ ಬಾಗಿಲ ಹೊರಗೆ ಪಿಸುಗುಟ್ಟುವ ಪದ್ಧತಿಯನ್ನು ನಾವು ಒಪ್ಪುವುದಿಲ್ಲ. ಇನ್ನೊಂದು ತಿಂಗಳಿಗೆ ಅವನಿಂದ ಕೇಳಿ ತಿಳಿಯುವುದು ಸಾಧ್ಯವಾಗದೆ ಹೋಗಬಹುದು.

ನಮ್ಮ ನಾಡಿನಲ್ಲಿ ಇಂಥ ರೋಗಿಗಳಿಗೆ ಬೆಂಗಳೂರಿನ ಕಿದ್ವಾಯಿ ಅರ್ಬುದಸಂಸ್ಥೆಯಲ್ಲಿ ಚಿಕಿತ್ಸೆಯ ಅನುಕೂಲವಿದೆ. ಚಿಕಿತ್ಸೆಯ ಹಂತ ಮೀರಿದ ಅರ್ಬುದರೋಗಿಗಳನ್ನು ಹಣ ಪಡೆಯದೆ ನೋಡಿಕೊಳ್ಳುವ ಕರುಣಾಶ್ರಯವೆಂಬ ಸಂಸ್ಥೆಯೂ ಅದೇ ನಗರದಲ್ಲಿದೆ. ಮನೆಯಲ್ಲಿಯೇ ಇಟ್ಟುಕೊಳ್ಳುವವರು ಮೂರು ವಿಷಯಗಳನ್ನು ವೈದ್ಯರಿಂದ ಮೊದಲೇ ಕೇಳಿ ಬರೆದುಕೊಂಡಿರಬೇಕು: ನೋವು ಹೆಚ್ಚಿದರೆ ಕೊಡತಕ್ಕದ್ದೇನು, ಫಿಟ್ಸ್ ಬಂದರೆ ಮಾಡತಕ್ಕದ್ದೇನು, ರಾತ್ರಿಯ ವೇಳೆ ಕರೆಯಬೇಕಾದುದು ಯಾರನ್ನು. ನುಂಗುವುದು ಕಷ್ಟವಾದವರಿಗೆ ಮಲಗಿದಂತೆಯೇ ಗಂಜಿಯನ್ನು ಹಾಕಬಾರದು. ಎಬ್ಬಿಸಿ ಕೂರಿಸಿ, ಗದ್ದವನ್ನು ಸ್ವಲ್ಪ ಕೆಳಕ್ಕೆ ಮಾಡಿಸಿ, ಗಟ್ಟಿಯಾದ ಗಂಜಿಯನ್ನು ಚಮಚೆ ಚಮಚೆಯಾಗಿ ಕೊಡಬೇಕು.

ರೋಗವು ಮಚ್ಚೆಗಳ ಹಂತದಲ್ಲಿರುವವರೂ ಈ ತಿಂಗಳು ಮಾಡಿಡಬಹುದಾದ ಕೆಲಸವೊಂದಿದೆ. ಒಂದು ಹಾಳೆಯಲ್ಲಿ ರೋಗದ ಪೂರ್ಣವಾದ ಹೆಸರು, ಬಯಾಪ್ಸಿಯಾದ ತಾರೀಖು ಮತ್ತು ಸ್ಥಳ, ಈವರೆಗೆ ಕೊಟ್ಟ ಔಷಧಗಳು, ಈಗ ಕೊಡುತ್ತಿರುವವು, ನೋಡುತ್ತಿರುವ ಚರ್ಮವೈದ್ಯರ ಹೆಸರು, ಇಷ್ಟನ್ನು ಬರೆದು ರೋಗಿಯ ಕೈಚೀಲದಲ್ಲಿ ಒಂದು ಪ್ರತಿ, ಮನೆಯ ಕಪಾಟಿನಲ್ಲಿ ಒಂದು ಪ್ರತಿ ಇಟ್ಟಿರಬೇಕು. ಹಾಳೆಯ ಹಿಂಬದಿಯಲ್ಲಿ, ನಡೆ, ನುಡಿ, ನೋಟ, ನೆನಪು ಇವುಗಳಲ್ಲಿ ಏನಾದರೂ ಬದಲಾದರೆ ಅದು ಕಂಡ ದಿನವನ್ನು ಗುರುತು ಹಾಕಿಕೊಳ್ಳಲು ಸ್ವಲ್ಪ ಜಾಗವನ್ನು ಬಿಟ್ಟರಾಯಿತು. ಎಷ್ಟು ದಿನದಿಂದ ಎಂದು ವೈದ್ಯರು ಕೇಳಿದಾಗ, ಒಬ್ಬರು ಹಬ್ಬದಿಂದ ಎಂದೂ ಮತ್ತೊಬ್ಬರು ಅದಕ್ಕೂ ಮೊದಲಿನಿಂದ ಎಂದೂ ಹೇಳಿ ಆಸ್ಪತ್ರೆಯ ಮೊಗಸಾಲೆಯಲ್ಲಿಯೇ ವಾದಿಸುವ ಪ್ರಮೇಯವು ಆಗ ಇರುವುದಿಲ್ಲ.